ಒರತೆಯ ಬೇಲಿಗೆ ಒಂದು ಮುಖ

ಯಜಮಾನರ ಹೊಸ ಕೋಟನ್ನು ಮಡಿಲಲ್ಲಿಟ್ಟುಕೊಂಡು ದರ್ಜಿ ಅವರ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕಾದು ಕೂತಿದ್ದ. ಒಳಗಿನಿಂದ ಇಬ್ಬರು ಹೆಂಗಸರು ಬಂದು ಪಕ್ಕದಲ್ಲೇ ಧೊಪ್ಪನೆ ಕೂತರು. ಅವರು ಅತ್ತಿಗೆ-ನಾದಿನಿಯರೆಂದು ಮಾತಿನಿಂದಲೇ ತಿಳಿಯಿತು.

“ಯಜಮಾನ್ರು ದುಡ್ಡು ಕೊಡ್ತೀನಿ ಅಂದ್ರಲ್ಲ ಅತ್ತಿಗೆ, ಮತ್ಯಾಕೆ ಮುಖ ಊದಿಸ್ಕೊಂಡಿದೀರ?”

“ನಾವು ಕೇಳಿದ್ದು ಒರತೆ ಸುತ್ತ ಒಂದು ಬೇಲಿ ಕಣೇ. ಊರು ಕುಡಿಯೋ ನೀರಿಗೆ ದನ ಇಳಿಯಬಾರದು ಅಂತ. ಈ ಮಹಾನುಭಾವನಿಗೆ ಬೇಕಿರೋದು ಬೇಲಿ ಮೇಲೆ ಆಳೆತ್ತರದ ತನ್ನ ಫೋಟೊ.”

“ಹಾಕಿದ್ರೆ ನಮ್ಮ ಗಂಟೇನು ಹೋಗುತ್ತೆ?”

“ನಾವು ತಂದ ಒರತೆ ನೀರನ್ನ ಮೂಸಿಯೂ ನೋಡ್ಲಿಲ್ಲ. ಅಂಗಡಿ ಬಾಟಲಿ ನೀರು ಗಟಗಟ ಕುಡಿದು, ‘ಕೆಳಗೆ ಜಲದಾತ ಅಂತ ದಪ್ಪಕ್ಷರದಲ್ಲಿ ಬರೆಸಿ’ ಅಂತಾನೆ. ದಾತನಂತೆ, ದಾತ!”

“ಆ ನೀರು ಕುಡಿದು ನನ್ನ ಮಗಳು ವಾಂತಿಭೇದಿಯಾಗಿ ಸತ್ತು ಬದುಕಿದಾಳೆ ಅತ್ತಿಗೆ. ಬೇಲಿ ಮೇಲೆ ಯಾರ ಮೂತಿ ಇದ್ರೆ ನನಗೇನು?”

ಅತ್ತಿಗೆ ಮುಚ್ಚಿದ ಬಾಗಿಲನ್ನು ದಿಟ್ಟಿಸಿದಳು. ದರ್ಜಿ ಕೋಟಿನ ಗುಂಡಿ ಸವರುತ್ತ ಕಿವಿ ನಿಮಿರಿಸಿದ.

“ಸರಿ, ಹಾಕ್ಸೋಣ. ಆದ್ರೆ ಬೇಲಿಯ ಹೊರಮಗ್ಗುಲಿಗೆ.”

“ಹೊರಗಡೆ ಯಾಕೆ?”

“ದನಗಳಿಗೂ ಮೈ ತಿಕ್ಕೋಕೆ ಏನಾದ್ರೂ ಬೇಡ್ವೇನೇ?”

ನಾದಿನಿ ಕಿಸಕ್ಕನೆ ನಕ್ಕಳು. ದರ್ಜಿಯೂ ನಗು ತಡೆಯಲಾಗದೆ ಸುಳ್ಳು ಕೆಮ್ಮು ಕೆಮ್ಮಿದ. ಅತ್ತಿಗೆ ಎದ್ದು ಬಾಗಿಲು ತಟ್ಟಿದಳು. “ಬನ್ನಿ” ಎಂದಿತು ಒಳಗಿನ ದನಿ.

“ನೀವು ಹೇಳಿದ ಹಾಗೇ ಆಗ್ಲಿ ಸ್ವಾಮಿ” ಎನ್ನುತ್ತ ಇಬ್ಬರೂ ಬಲು ವಿನಯದಿಂದ ತಲೆ ತಗ್ಗಿಸಿ ಒಳಹೊಕ್ಕರು.