ಚುಕ್ಕಾಣಿಯ ಪಕ್ಕ ಕೂತವಳ ಮಾತು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ನಮ್ಮ ಹಾಯಿದೋಣಿ ಕ್ಲಬ್ಬಿನ ಹಿರಿಯ ಕಿರಿಯ ಸದಸ್ಯರೇ, ಬಾಗಿಲ ಬಳಿ ನಿಂತೇ ಇರುವವರೇ (ಮುಂದೆ ಕುರ್ಚಿ ಖಾಲಿ ಇವೆ, ದಯವಿಟ್ಟು ಬನ್ನಿ), ಮತ್ತು ಎಲ್ಲ ಸಭಿಕರೇ,

ಸನ್ಮಾನಿತರ ಪರವಾಗಿ ಅವರ ಶ್ರೀಮತಿಯವರು ಎರಡು ಮಾತು ಆಡುತ್ತಾರೆ ಎಂದು ಕಾರ್ಯದರ್ಶಿಗಳು ಹೇಳಿದರು. ಮೂವತ್ತೆರಡು ವರ್ಷ ಶಾಲೆಯಲ್ಲಿ ಪಾಠ ಮಾಡಿದವಳಿಗೆ ಎರಡೇ ಮಾತು ಎಂದರೆ ಅದು ಶಿಕ್ಷೆ. ಗಂಟೆ ಹೊಡೆಯುವವರೆಗೂ ಬಿಡದಿದ್ದರೆ ಕ್ಷಮಿಸಿ.

ನಮ್ಮ ಯಜಮಾನರು ಇಲ್ಲೇ ಕೂತಿದ್ದಾರೆ. ನೀವು ಅವರನ್ನು ಕ್ಯಾಪ್ಟನ್ ಎಂದು ಕರೆಯುತ್ತೀರಿ. ಹೊಟ್ಟೆಪಾಡಿಗೆ ಅವರು ನಡೆಸಿದ್ದು ಕನ್ನಡಕದ ಅಂಗಡಿ. ಆದರೆ ಇಪ್ಪತ್ತಾರು ವರ್ಷ, ಪ್ರತಿ ಬೇಸಿಗೆಯ ಮೂರು ದಿನದ ರಜೆಯಲ್ಲಿ, ಈ ಕ್ಲಬ್ಬಿನ ದೋಣಿಗಳನ್ನು ಪಕ್ಕದ ಬಂದರಿಗೆ ಕರೆದೊಯ್ದು ವಾಪಸ್ಸು ತಂದವರು ಇವರು. ಅತಿಥಿಗಳು ಅದನ್ನೆಲ್ಲ ಚೆನ್ನಾಗಿ ಹೇಳಿದರು. ಅವರು ಹೇಳುತ್ತಿದ್ದಾಗ ಇವರು ನನ್ನ ಕಡೆ ಬಾಗಿ, "ಯಾರಿಗಮ್ಮ ಸನ್ಮಾನ? ಒಳ್ಳೆ ಮನುಷ್ಯನ ಥರ ಕಾಣ್ತಾನೆ" ಅಂದರು. ಇವರು ನಗುತ್ತಿದ್ದುದಕ್ಕೆ ಕಾರಣ ಅದು. ನೀವು ವಿನಯ ಎಂದುಕೊಂಡಿರಿ.

ಈ ಮರೆವು ಯಾವಾಗಿನಿಂದ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಈ ಬೇಸಿಗೆಯ ಅಪಘಾತದ ಆಘಾತದಿಂದ ಎಂದು ನಾನು ಹೇಳಿದ್ದೇನೆ. ಅದು ಸುಳ್ಳು. ಮೂರು ವರ್ಷದ ಹಿಂದೆ ಇವರು ಒಬ್ಬರ ಕನ್ನಡಕವನ್ನು ಇನ್ನೊಬ್ಬರಿಗೆ ಕೊಟ್ಟು ಕಳಿಸಿದರು. ಒಂದಲ್ಲ, ಒಂದೇ ವಾರದಲ್ಲಿ ನಾಲ್ಕು. ಅಂಗಡಿ ಮುಚ್ಚಿಸಿದೆ. ವಿಶ್ರಾಂತಿ ಎಂದು ಎಲ್ಲರಿಗೂ ಹೇಳಿದೆ. ಆಮೇಲೆ ಮನೆಯಲ್ಲಿ ಬಚ್ಚಲು ಯಾವುದು, ಅಡುಗೆಮನೆ ಯಾವುದು ಎಂಬುದು ತಪ್ಪತೊಡಗಿತು. ಆಮೇಲೆ ನಾನು ತಪ್ಪಿಹೋದೆ. ಒಂದು ಬೆಳಿಗ್ಗೆ ಕಾಫಿ ಕೊಟ್ಟಾಗ, "ಮನೆಯವರು ಎಲ್ಲಿ?" ಎಂದು ನನ್ನನ್ನೇ ಕೇಳಿದರು.

ಹಾಗಿದ್ದರೆ ದೋಣಿ ಹೇಗೆ ನಡೆಸುತ್ತಿದ್ದರು? ಸಹಜವಾದ ಪ್ರಶ್ನೆ. ಅವರು ನಡೆಸುತ್ತಿರಲಿಲ್ಲ, ಸಭಿಕರೇ. ಚುಕ್ಕಾಣಿಯ ಮೇಲೆ ಕೈ ಅವರದು, ಮಾತು ನನ್ನದು. ಪಕ್ಕದಲ್ಲಿ ಕೂತು ಸಣ್ಣ ದನಿಯಲ್ಲಿ ಹೇಳುತ್ತಿದ್ದೆ: ಈಗ ಎಡಕ್ಕೆ, ಈಗ ಹಗ್ಗ ಸಡಿಲ ಮಾಡಿಸಿ, ಆ ಕೆಂಪು ಗುರುತು ಬಲಗಡೆ ಇರಲಿ. ಕಳೆದ ವರ್ಷವೂ ಹಾಗೆ, ಈ ವರ್ಷವೂ ಹಾಗೆ. ಹಿಂದಿನ ಹತ್ತು ದೋಣಿಗಳು ನಮ್ಮ ಬೆನ್ನು ನೋಡಿಕೊಂಡು ಬರುತ್ತಿದ್ದವು. ನಿಮ್ಮ ಮಕ್ಕಳು ಅವುಗಳಲ್ಲಿದ್ದರು.

ಯಾಕೆ ನಿಲ್ಲಿಸಲಿಲ್ಲ? ಅವರ ಮರ್ಯಾದೆ ಕಾಯುವುದಕ್ಕೆ ಎಂದು ಹೇಳಬೇಕೆಂದೇ ಮನೆಯಿಂದ ಬರೆದುಕೊಂಡು ಬಂದೆ. ಚೀಟಿ ಇಲ್ಲಿದೆ. ಆದರೆ ಅದು ನಿಜವಲ್ಲ. ಮದುವೆಯಾದ ಹೊಸತರಿಂದ ಇವರು ನನ್ನನ್ನು "ಟೀಚರ್ರೇ" ಎಂದು ತಮಾಷೆಗೆ ಕರೆಯುತ್ತಿದ್ದರು. ಮನೆಯಲ್ಲಿ ಆ ಮಾತು ನಿಂತು ವರ್ಷವಾಗಿತ್ತು. ಕಳೆದ ವರ್ಷ ದೋಣಿ ದಡ ಬಿಟ್ಟು, ಹಾಯಿ ಗಾಳಿ ತುಂಬಿಕೊಂಡ ಕೂಡಲೇ ಇವರು ನನ್ನ ಕಡೆ ತಿರುಗಿ, "ಟೀಚರ್ರೇ, ಗಾಳಿ ನೋಡಿದ್ರಾ?" ಅಂದರು. ನನ್ನ ಗಂಡ ವಾಪಸ್ಸು ಬಂದಿದ್ದರು. ಆ ಮೂರು ದಿನ ಇದ್ದರು. ದಡಕ್ಕೆ ಬಂದು ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಹೋಗಿಬಿಟ್ಟರು. ಈ ಬೇಸಿಗೆಗಾಗಿ ನಾನು ಹನ್ನೊಂದು ತಿಂಗಳು ಕಾದೆ. ಕ್ಲಬ್ಬಿಗಾಗಿ ಅಲ್ಲ.

ಕಳೆದ ವರ್ಷದ ಹಾಗೆ ಈ ವರ್ಷವೂ ನಮ್ಮ ದೋಣಿಯಲ್ಲಿ ಮೂರನೆಯವರು ಹಾಯಿ ಹೊಲಿಯುವವರು. ನಿಮಗೆಲ್ಲ ಗೊತ್ತು, ಇಲ್ಲಿರುವ ಅರ್ಧಕ್ಕರ್ಧ ಹಾಯಿಗಳು ಅವರ ಕೈಯಿಂದಲೇ ಬಂದವು. ಇವರಿಗೆ ಹಳೆಯ ಸ್ನೇಹಿತ, ನನಗೆ ಮೈದುನನಿದ್ದ ಹಾಗೆ. ಹೋಗುವಾಗ ದಾರಿಯೆಲ್ಲ ಚೆನ್ನಾಗಿಯೇ ಇತ್ತು. ಇವರು ಎರಡು ಸಲ ನನ್ನನ್ನು ಟೀಚರ್ರೇ ಎಂದು ಕರೆದರು. ನಾನು ಎಣಿಸಿದ್ದೇನೆ.

ಮಧ್ಯಾಹ್ನ ಮೂರಕ್ಕೆ ಆ ಬಂದರಿನ ಬಾಯಿ ದಾಟಿದೆವು. ಹಾಯಿ ಇಳಿಸಿ, ಎಂಜಿನ್ ಹಾಕಿ, ಕಲ್ಲಿನ ಗೋಡೆಯ ಕಡೆ ನಿಧಾನವಾಗಿ ಹೋಗುತ್ತಿದ್ದೆವು. ಹಾಯಿ ಹೊಲಿಯುವವರು ಮುಂದುಗಡೆ ಹಗ್ಗ ಹಿಡಿದು ನಿಂತಿದ್ದರು. ಗೋಡೆಯ ಮೇಲೆ ಜನ ಸೇರಿ ನಮಗಾಗಿ ಚಪ್ಪಾಳೆ ತಟ್ಟುತ್ತಿದ್ದರು. ಆ ಸದ್ದಿಗೆ ಇವರ ಮುಖ ಬದಲಾದದ್ದನ್ನು ನೋಡಿದೆ. ದೋಣಿಯನ್ನು ತಡೆಯಬೇಕಿತ್ತು. "ಗೇರ್ ಹಿಂದಕ್ಕೆ ಹಾಕಿ" ಎಂದು ಪಿಸುಗುಟ್ಟಿದೆ. ಇವರು ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, "ಯಾರಮ್ಮ ನೀವು?" ಅಂದರು. ಹಾಗೆನ್ನುತ್ತಲೇ ಗೇರನ್ನು ಮುಂದಕ್ಕೆ ತಳ್ಳಿದರು.

ನಾನೇ ಕೈಹಾಕಿ ಅದನ್ನು ಹಿಂದಕ್ಕೆ ಎಳೆಯಬಹುದಿತ್ತು. ಎಳೆಯಲಿಲ್ಲ. ಅಷ್ಟು ಜನರ ಮುಂದೆ ಅವರ ಕೈ ತಳ್ಳುವುದು ಹೇಗೆ ಎಂದು ಒಂದು ಕ್ಷಣ ಯೋಚಿಸಿದೆ. ಆ ಕ್ಷಣದಲ್ಲೇ ದೋಣಿಗೂ ಗೋಡೆಗೂ ನಡುವೆ ಹಾಯಿ ಹೊಲಿಯುವವರ ಬಲಗೈ ಸಿಕ್ಕಿತು. ಮೂರು ಬೆರಳು ಹೋದವು.

ವಾರ ಕಳೆದು, ಇದೇ ಕಟ್ಟಡದ ಮಹಡಿಯಲ್ಲಿ ವಿಚಾರಣೆ ನಡೆಯಿತು. ಅಧ್ಯಕ್ಷರೇ, ನೀವೇ ಕೇಳಿದಿರಿ. ಏಕಾಏಕಿ ಒಂದು ದೊಡ್ಡ ಅಲೆ ಬಂತು ಎಂದು ನಾನು ಹೇಳಿದೆ. ಬಂದರಿನ ಒಳಗೆ ಆ ದಿನ ತಟ್ಟೆಯಲ್ಲಿಟ್ಟ ನೀರಿನ ಹಾಗಿತ್ತು. ಅದು ನಿಮಗೂ ಗೊತ್ತಿತ್ತೆಂದು ಕಾಣುತ್ತದೆ, ಆದರೆ ನೀವು ದೊಡ್ಡ ಮನಸ್ಸಿನಿಂದ ಬರೆದುಕೊಂಡಿರಿ. ಹಾಯಿ ಹೊಲಿಯುವವರನ್ನು ಕೇಳಿದಾಗ, "ನನ್ನದೇ ಅಜಾಗರೂಕತೆ. ಕೈ ಇಡಬಾರದ ಕಡೆ ಇಟ್ಟೆ" ಅಂದರು. ಅದನ್ನೂ ಬರೆದುಕೊಂಡಿರಿ. ಕ್ಲಬ್ಬಿನ ಕೈಪಿಡಿಯಲ್ಲಿ ಅವರ ತಪ್ಪನ್ನು ಹೊಸಬರಿಗೆ ಎಚ್ಚರಿಕೆಯಾಗಿ ಅಚ್ಚು ಹಾಕಿಸಿದ್ದೀರಿ. ದಯವಿಟ್ಟು ಅದನ್ನು ತೆಗೆಯಿರಿ.

ಅವರನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಕೈಗೆ ಕಟ್ಟು ಹಾಕಿದ್ದರು. ಕಿತ್ತಳೆ ಸುಲಿಯುತ್ತ ಕೂತೆ. ಅವರೇ ಹೇಳಿದರು: "ಅತ್ತಿಗೆ, ನಿಮ್ಮ ತುಟಿ ಅಲ್ಲಾಡೋದು ಮುಂದುಗಡೆಯಿಂದ ನನಗೆ ಕಾಣ್ತಿತ್ತು. ಹೋದ ವರ್ಷವೂ ಕಾಣ್ತಿತ್ತು."

"ಗೊತ್ತಿದ್ದೂ ಯಾಕಪ್ಪ ಬಂದೆ?" ಎಂದೆ.

"ನಾನು ಬರದಿದ್ರೆ ನೀವಿಬ್ಬರೇ ಹೋಗ್ತಿದ್ರಿ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕಳೆದ ತಿಂಗಳು ಅವರ ಅಂಗಡಿಯ ಮುಂದೆ ಹೋದೆ. ಉದ್ದನೆಯ ಮೇಜು, ದೊಡ್ಡ ಹೊಲಿಗೆ ಯಂತ್ರ, ಎಲ್ಲವನ್ನೂ ಯಾರೋ ಹೊರಗೆ ಸಾಗಿಸುತ್ತಿದ್ದರು. ಅವರು ಎಡಗೈಯಲ್ಲಿ ಬಾಗಿಲು ಹಿಡಿದುಕೊಂಡು ದಾರಿ ಮಾಡಿಕೊಡುತ್ತಿದ್ದರು. ನಾನು ರಸ್ತೆ ದಾಟಿ ಆಚೆ ಬದಿಯಿಂದ ಹೋಗಿಬಿಟ್ಟೆ. ಅವರು ನೋಡಿದರು.

ಇವತ್ತು ಅವರು ಬಂದಿದ್ದಾರೆ, ಕೊನೆಯ ಸಾಲಿನಲ್ಲಿದ್ದಾರೆ. ದಯವಿಟ್ಟು ಯಾರೂ ಹಿಂದೆ ತಿರುಗಿ ನೋಡಬೇಡಿ, ಅವರಿಗೆ ಮುಜುಗರವಾಗುತ್ತದೆ.

ತಮ್ಮಾ, ಕ್ಷಮೆ ಕೇಳುತ್ತೇನೆ ಎಂದುಕೊಂಡಿರುತ್ತೀಯ. ಕೇಳಬೇಕೆಂದೇ ಎದ್ದು ನಿಂತೆ. ಆದರೆ ಇಲ್ಲಿ ನಿಂತ ಮೇಲೆ ಗೊತ್ತಾಗುತ್ತಿದೆ, ನನಗೆ ಆ ಯೋಗ್ಯತೆ ಇಲ್ಲ. ಆ ದಿನದಿಂದ ಇವರು ನನ್ನನ್ನು ಟೀಚರ್ರೇ ಎಂದು ಕರೆದಿಲ್ಲ. ದೋಣಿ ಮಾರಿದೆವು. ಇನ್ನು ಕರೆಯುವುದಿಲ್ಲ ಎಂದು ವೈದ್ಯರೂ ಹೇಳಿದ್ದಾರೆ. ನಾಳೆ ಬೆಳಿಗ್ಗೆ ಯಾರಾದರೂ ಬಂದು, ದೋಣಿ ಸಿದ್ಧವಿದೆ, ಇನ್ನೊಂದು ರಜೆ ಇದೆ ಎಂದರೆ, ನಾನು ಇವರನ್ನು ಕರೆದುಕೊಂಡು ಹೋಗುತ್ತೇನೆ. ನಿನ್ನ ಬೆರಳು ಗೊತ್ತಿದ್ದೂ ಹೋಗುತ್ತೇನೆ.

ಹೇಳಬೇಕಿದ್ದದ್ದು ಇಷ್ಟೇ. ಇಷ್ಟು ಹೊತ್ತು ಸುಮ್ಮನೆ ಕೂತು ಕೇಳಿದ್ದಕ್ಕೆ ನಿಮ್ಮೆಲ್ಲರಿಗೂ ನಾನು ಋಣಿ. ನಮಸ್ಕಾರ.