ಟೆಕ್ಲಾ ಹತ್ತದ ಹಡಗು

ಆ ದೀಪ ಸ್ವಲ್ಪ ಸಣ್ಣ ಮಾಡಿ. ಕಿಟಕಿ ಮಾತ್ರ ಮುಚ್ಚೇ ಇರಲಿ... ಇದು ಎಲ್ಲೋ ಯಾರೋ ಹೇಳಿದ್ದಲ್ಲ, ನಮ್ಮ ಪಕ್ಕದ ಮನೆ ಯೋರ್ಡಿಸ್‌ಗೆ ಆಗಿದ್ದು. ಅವಳು ಚಳಿಗಾಲದ ರಾತ್ರಿಗಳಲ್ಲಿ ಒಬ್ಬಳೇ ಕೂತು ಕಾಡಿನ ರಸ್ತೆಗಳಲ್ಲಿ ಹಿಮ ತಳ್ಳುವ ಗಾಡಿ ಓಡಿಸುತ್ತಿದ್ದವಳು. ಒಮ್ಮೆ ದಾರಿಗೆ ಅಡ್ಡ ನಿಂತ ಕಡವೆಯನ್ನು ಬೈದು ಬೈದೇ ಓಡಿಸಿದ ಗಟ್ಟಿಗಿತ್ತಿ. ಹೆದರುವ ಜಾತಿಯಲ್ಲ.

ಮನೆಯಲ್ಲಿ ಅವಳ ಜೊತೆ ಇದ್ದದ್ದು ಸ್ವೇಯಾ ಅತ್ತೆ, ಅವಳ ಅಪ್ಪನ ಅಕ್ಕ. ಅತ್ತೆಗೆ ಮಕ್ಕಳಿಲ್ಲ. ವಯಸ್ಸಾದ ಮೇಲೆ ಒಂದೇ ಹಟ ಹಿಡಿದಳು.

"ನಮ್ಮಜ್ಜನ ತಂಗಿ ಟೆಕ್ಲಾ ಅಮೆರಿಕಕ್ಕೆ ಹೋದೋಳು ಒಂದು ಕಾಗದಾನೂ ಬರೀಲಿಲ್ಲ. ಮಕ್ಕಳು ಮೊಮ್ಮಕ್ಕಳು ಅಂತ ಎಲ್ಲಾದ್ರೂ ಇದ್ದೇ ಇರ್ತಾರೆ. ನಾನು ಕಣ್ಣು ಮುಚ್ಚೋದ್ರೊಳಗೆ ಹುಡುಕೇ."

"ಸಿಕ್ಕರೆ ಏನ್ ಮಾಡ್ತೀಯ ಅತ್ತೆ?"

"ಇಲ್ಲಿಗೆ ಕರೆಸ್ತೀನಿ. ನಿನ್ನ ಕೈ ಕಾಫಿ ಕುಡಿಯೋ ಕರ್ಮ ನನಗೊಬ್ಬಳಿಗೇ ಯಾಕೆ?"

ಯೋರ್ಡಿಸ್ ಬೈಕೊಂಡೇ ಶುರು ಮಾಡಿದಳು. ಸಂಜೆ ಹೊತ್ತು ಚರ್ಚಿನ ಕಚೇರಿಗೆ ಹೋಗಿ ಹಳೆಯ ಪುಸ್ತಕಗಳ ಮುಂದೆ ಕೂರುವಳು. ಟೆಕ್ಲಾ ಸಿಕ್ಕಿದಳು. ಹತ್ತೊಂಬತ್ತು ವರ್ಷದ ಹುಡುಗಿ. ಉತ್ತರ ಅಮೆರಿಕಕ್ಕೆ ಹೋಗುತ್ತೇನೆಂದು ಪಾದ್ರಿಯಿಂದ ಊರು ಬಿಡುವ ಚೀಟಿ ಪಡೆದಿದ್ದಾಳೆ. ಗೋಥೆನ್‌ಬರ್ಗ್ ಬಂದರಿನ ಪಟ್ಟಿಯಲ್ಲಿ ಹಡಗಿನ ಹೆಸರಿದೆ, ಟಿಕೆಟ್ಟು ಕೊಂಡದ್ದೂ ಇದೆ. ಹತ್ತಿದ ಗುರುತು ಮಾತ್ರ ಇಲ್ಲ. ಅಮೆರಿಕದ ಕಡೆಯ ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ತೆಗೆದು ನೋಡಿದಳು. ಅದೇ ಹಡಗಿನಿಂದ ಇಳಿದವರಲ್ಲಿ ಪಕ್ಕದೂರಿನವರೆಲ್ಲ ಇದ್ದಾರೆ... ಟೆಕ್ಲಾ ಇಲ್ಲ. ಅದರ ಹಿಂದಿನ ಹಡಗಿನಲ್ಲೂ ಇಲ್ಲ, ಮುಂದಿನ ವರ್ಷಗಳಲ್ಲೂ ಇಲ್ಲ.

ಊರು ಬಿಟ್ಟಿದ್ದಾಳೆ. ಎಲ್ಲೂ ಸೇರಿಲ್ಲ.

ಅವತ್ತು ಅದೇ ತಲೆಯಲ್ಲಿಟ್ಟುಕೊಂಡು ಯೋರ್ಡಿಸ್ ಮನೆಗೆ ಹೊರಟಾಗ ಬಹಳ ಹೊತ್ತಾಗಿತ್ತು. ಕಾರು ರಿಪೇರಿಗೆ ಹೋಗಿತ್ತು, ನಡೆದೇ ಬಂದಳು. ನವೆಂಬರು. ಹಿಮ ಇನ್ನೂ ಬಿದ್ದಿಲ್ಲ, ನೆಲವೆಲ್ಲ ಬಿಳಿ ಇಬ್ಬನಿ ಗಟ್ಟಿಯಾಗಿ ಕಾಲಡಿ ಕರಕರ ಅನ್ನುತ್ತಿತ್ತು. ದಾರಿಯಲ್ಲಿ ಅವರ ಹೊಲದಂಚಿಗೆ ಒಂದು ಪಾಳು ಬಾವಿ. ಹಲಗೆ ಮುಚ್ಚಿ ಮೇಲೆ ಕಲ್ಲು ಹೇರಿಟ್ಟಿದ್ದರು. ಅದನ್ನು ದಾಟಿ ನಾಲ್ಕು ಮಾರು ಬಂದಿರಬೇಕು...

ಗರ್ರ್... ಅಂತ ಹಲಗೆ ಸರಿಯಿತು.

ಆಮೇಲೆ ಹೆಜ್ಜೆ. ಟೊಕ್... ಪಚ್. ಟೊಕ್... ಪಚ್. ಮರದ ಪಾದರಕ್ಷೆ ಇರುತ್ತಲ್ಲ, ಅಂಥದ್ದು ಒಂದೇ ಕಾಲಿಗೆ. ಇನ್ನೊಂದು ಬರಿಗಾಲು, ಒದ್ದೆಗಾಲು.

ಯೋರ್ಡಿಸ್ ನಿಂತಳು. ಅದೂ ನಿಂತಿತು. ತಿರುಗಿ ನೋಡಬಾರದಿತ್ತು, ನೋಡಿಬಿಟ್ಟಳು. ತಲೆಗೆ ವಸ್ತ್ರ ಕಟ್ಟಿದ ಒಬ್ಬ ಹುಡುಗಿ, ಎದೆಗೆ ಅವುಚಿಕೊಂಡ ಗಂಟು. ಮುಖ ಇರಬೇಕಾದ ಕಡೆ ಬರೀ ಕತ್ತಲೆ. ಮೈಯಿಂದ ನೀರು ತೊಟ್... ತೊಟ್... ಅಂತ ರಸ್ತೆಗೆ ಬೀಳುತ್ತಿತ್ತು.

"ಅಕ್ಕಾ..." ಪಿಸುಗುಟ್ಟಿದಳು. "ಹಡಗು ಹೋಯ್ತಾ?"

ಏನು ಹೇಳುತ್ತಿದ್ದೇನೆ ಅಂತ ಯೋರ್ಡಿಸ್‌ಗೇ ಗೊತ್ತಿಲ್ಲ.

"ಇನ್ನೂ... ಇಲ್ಲ."

"ಹಂಗಾದ್ರೆ ನಿಮ್ಮ ಜೊತೇಲೇ ಬರ್ತೀನಿ. ಅಲ್ಲೇ ಕಾಯ್ತೀನಿ."

ಯೋರ್ಡಿಸ್ ಓಡಿದಳು. ಹಿಂದೆಯೇ ಟೊಕ್ ಪಚ್, ಟೊಕ್ ಪಚ್. ಎಷ್ಟು ಓಡಿದರೂ ಅದು ಅಷ್ಟೇ ದೂರದಲ್ಲಿ. ಮನೆಯೊಳಗೆ ನುಗ್ಗಿ ಅಗುಳಿ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಹೊರಗೆ, ಹೊಸಿಲಿನ ಆಚೆ, ಒದ್ದೆ ಬಟ್ಟೆಯ ಮೂಟೆ ಇಳಿಸಿದಂಥ ಸದ್ದು. ಯಾರೋ ಮೆಟ್ಟಿಲ ಮೇಲೆ ಕೂತರು.

ಅತ್ತೆ ಅಡಿಗೆಮನೆಯಿಂದ ಬಂದವಳು ಇವಳ ಮುಖ ನೋಡಿ ದೀಪ ಆರಿಸಿದಳು.

"ಮಾತಾಡಿದ್ಯಾ?"

"ಏನೋ ಕೇಳಿದ್ಲು... ಹೇಳ್ದೆ. ಅತ್ತೆ, ಅದು ಟೆಕ್ಲಾ."

ಅತ್ತೆ ಕತ್ತಲಲ್ಲೇ ಪಿಸುಗುಟ್ಟಿದಳು.

"ಅವಳಣ್ಣ, ನಮ್ಮ ಆಲ್ಗೋಟ್ ಅಜ್ಜನೇ ಅವಳನ್ನ ಗಾಡೀಲಿ ಕೂರಿಸಿಕೊಂಡು ಹೋಗಿದ್ದು. ಸ್ಟೇಷನ್ನಿಗೆ ಬಿಟ್ಟು ಬಂದೆ ಅಂದ. ಹೊಲದಲ್ಲಿ ಅವಳಿಗೂ ಪಾಲಿತ್ತು... ಆಮೇಲೆ ಎಲ್ಲಾ ಅವನದೇ ಆಯ್ತು. ಮುದುಕ ಆದಮೇಲೆ ರಾತ್ರಿ ಬಾಗಿಲು ತಟ್ಟಿದ ಸದ್ದಾದ್ರೆ ಸಾಕು, ಮಂಚದ ಹಿಂದೆ ಹೋಗಿ ಕೂರೋನು. ಮನೇಲಿಲ್ಲ ಅನ್ನಿ, ಮನೇಲಿಲ್ಲ ಅನ್ನಿ ಅಂತ. ನಾವು ಮಕ್ಕಳು ನಗ್ತಿದ್ವಿ."

"ನಗ್ತಿದ್ರಾ?"

"ತೆಗೆದು ನೋಡಿದ್ರೆ ಹೊರಗೆ ಯಾರೂ ಇರ್ತಿರಲಿಲ್ಲ ಕಣೇ..."

ಬೆಳಗ್ಗೆ ಮೆಟ್ಟಿಲ ಮೇಲೆ ಒಬ್ಬರು ಕೂರುವಷ್ಟು ಅಗಲದ ಮಂಜುಗಡ್ಡೆ. ಮರುರಾತ್ರಿ ಮತ್ತೆ ಬಂದಳು. ಅದರ ಮಾರನೆಯ ರಾತ್ರಿಯೂ. ಬಾಗಿಲು ತಟ್ಟುತ್ತಿರಲಿಲ್ಲ, ಅಳುತ್ತಿರಲಿಲ್ಲ. ಬರುವಳು, ಕೂರುವಳು. ಬೆಳಗಿನ ತನಕ ತೊಟ್... ತೊಟ್... ಅಷ್ಟೇ. ಯೋರ್ಡಿಸ್ ಊಟ ಬಿಟ್ಟಳು. ಅತ್ತೆಗೆ ಜ್ವರ ಹತ್ತಿತು. ಕೆಮ್ಮಿದಾಗೆಲ್ಲ ಎದೆಯೊಳಗೆ ನೀರು ಕುಲುಕಿದ ಹಾಗೆ ಸದ್ದು. ಡಾಕ್ಟರು ಮಾತ್ರೆ ಕೊಟ್ಟರು, ಇಳಿಯಲಿಲ್ಲ.

ಒಂದು ರಾತ್ರಿ ಯೋರ್ಡಿಸ್‌ಗೆ ಜೊಂಪು ಹತ್ತಿತ್ತು. ಕಣ್ಣು ಬಿಟ್ಟರೆ ಅತ್ತೆ ಹಾಸಿಗೆಯಲ್ಲಿಲ್ಲ. ಬಾಗಿಲ ಹತ್ತಿರ ನಿಂತಿದ್ದಾಳೆ, ಕೈ ಅಗುಳಿಯ ಮೇಲಿದೆ.

"ಅತ್ತೆ!"

"ಪಾಪ, ಚಳಿ ಕಣೇ. ಚಿಕ್ಕ ಹುಡುಗಿ. ಒಳಗೆ ಕರೀಲಾ?"

ಹಾರಿ ಹೋಗಿ ಹಿಂದಕ್ಕೆಳೆದಳು. ಅಗುಳಿ ಹಾಕಿದ ಹಾಗೇ ಇತ್ತು. ಅತ್ತೆಯ ತೋಳು ಮಾತ್ರ ಭುಜದವರೆಗೂ ತೊಯ್ದಿತ್ತು.

ಆಗ ಯೋರ್ಡಿಸ್‌ಗೆ ಅರ್ಥವಾಯಿತು. ಇದು ತಾನಾಗಿ ಹೋಗುವುದಿಲ್ಲ. ಹಡಗು ಇನ್ನೂ ಹೋಗಿಲ್ಲ ಅಂದು ಕಾಯಿಸಿದವಳು ತಾನು, ಇನ್ನು ಕಾಯಬೇಡ ಅನ್ನಬೇಕಾದವಳೂ ತಾನೇ. ಬಾಗಿಲ ಮುಂದೆ ಮಂಡಿಯೂರಿದಳು.

"ಟೆಕ್ಲಾ... ನಾನು ಸುಳ್ಳು ಹೇಳ್ದೆ. ಹಡಗು ಯಾವತ್ತೋ ಹೋಯ್ತು. ಅದರಲ್ಲಿ ನೀನಿರಲಿಲ್ಲ."

ತೊಟ್ಟಿಕ್ಕುವುದು ನಿಂತಿತು.

"ನಾನೆಲ್ಲಿದ್ದೆ?"

ಯೋರ್ಡಿಸ್ ಕಣ್ಣು ಮುಚ್ಚಿಕೊಂಡಳು. "ಬಾವೀಲಿ."

ಏನೂ ಇಲ್ಲ... ಗಾಳಿಯೂ ಇಲ್ಲ. ಆಮೇಲೆ ಬಾಗಿಲ ಹಲಗೆಯ ಮೇಲೆ ಉಗುರು. ಕೆರ್... ಕೆರ್... ಕೆಳಗಿನಿಂದ ನಿಧಾನವಾಗಿ ಮೇಲಕ್ಕೆ. ಕೂತವಳು ಏಳುತ್ತಿದ್ದಾಳೆ. ಬೀಗದ ತೂತಿನಿಂದ ಪಾಚಿ ವಾಸನೆಯ ತಣ್ಣನೆ ಉಸಿರು ಯೋರ್ಡಿಸ್ ಹಣೆಗೆ ತಾಗಿತು.

"ಆಲ್ಗೋಟ್ ಅಣ್ಣ ಮನೇಲಿದಾನಾ?"

ಯೋರ್ಡಿಸ್ ಬಾಯಿ ತೆರೆಯುವುದರೊಳಗೆ ಹಿಂದಿನಿಂದ ಅತ್ತೆ ಹೇಳಿಬಿಟ್ಟಳು. ಮುದುಕಿಯ ದನಿಯಲ್ಲ, ಪುಟ್ಟ ಹುಡುಗಿಯ ದನಿ.

"ಇಲ್ಲ. ಚರ್ಚಿನ ಅಂಗಳದಲ್ಲಿ ಮಲಗಿದಾನೆ. ದೊಡ್ಡ ಗೋಡೆ ಪಕ್ಕ."

ಟೊಕ್... ಪಚ್. ಮೆಟ್ಟಿಲಿಳಿದಳು. ಬಾವಿಯ ಕಡೆಗಲ್ಲ, ಚರ್ಚಿನ ಕಡೆಗೆ. ಟೊಕ್ ಪಚ್ ಟೊಕ್ ಪಚ್ ಟೊಕ್ ಪಚ್... ಓಡುತ್ತಿದ್ದಳು.

ಮತ್ತೆ ಆ ಮನೆಗೆ ಬರಲಿಲ್ಲ. ಅತ್ತೆಯ ಜ್ವರ ಎರಡೇ ದಿನದಲ್ಲಿ ಬಿಟ್ಟಿತು. ಬಾವಿ ಅಗೆಸಿದರು, ಮೂಳೆ ಸಿಕ್ಕಿತು. ಪೊಲೀಸರು ಬಂದು ನೋಡಿ, ಇಷ್ಟು ಹಳೆಯದಕ್ಕೆ ಯಾರನ್ನು ಹಿಡಿಯೋದು ಅಂತ ಹೋದರು. ಪಾದ್ರಿ ಅವಳ ಹೆಸರು ಹೇಳಿ ಮಣ್ಣು ಮಾಡಿದರು. ಅತ್ತೆ ಇನ್ನೂ ಹಲವು ವರ್ಷ ಬದುಕಿದಳು. ಅಮೆರಿಕದ ಮಾತು ಮಾತ್ರ ಮತ್ತೆ ಎತ್ತಲಿಲ್ಲ.

ಆದರೆ ಆ ರಾತ್ರಿ ಕಳೆದ ಬೆಳಗ್ಗೆ ಸ್ಮಶಾನ ನೋಡಿಕೊಳ್ಳುವ ಸಿಕ್ಸ್ಟೆನ್ ಓಡಿ ಬಂದಿದ್ದ. ಆಲ್ಗೋಟ್‌ನ ಸಮಾಧಿ ಕುಸಿದು, ಅಂಚಿನವರೆಗೂ ನೀರು ನಿಂತಿತ್ತು. ಪಂಪು ಹಾಕಿ ತೆಗೆಸಿದರು, ಬೆಳಗಾಗುವುದರೊಳಗೆ ಮತ್ತೆ ತುಂಬಿತು. ಆ ವರ್ಷ ಕೆರೆ ಎಷ್ಟು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು ಅಂದರೆ ಅದರ ಮೇಲೆ ಲಾರಿ ಓಡಿಸಿದರು. ಆ ನೀರು ಮಾತ್ರ ಹೆಪ್ಪುಗಟ್ಟಲಿಲ್ಲ. ನೀವು ನಗಬೇಡಿ... ನಾನೇ ಹೋಗಿ, ಕೈಗವಸು ತೆಗೆದು, ಬೆರಳು ಅದ್ದಿ ನೋಡಿದೀನಿ.

ಬೆಚ್ಚಗಿತ್ತು.