ಪಟ್ಟಿಯ ಕೆಳಗಿನ ಬಣ್ಣ

ಅರವತ್ತೈದರ ಬನ್ನಿ ಹಬ್ಬದ ಬೆಳಿಗ್ಗೆ ವಿಜಾಪುರದ ಬಸ್ ನಿಲ್ದಾಣದಲ್ಲಿ ತಿಕೋಟಾ ಬಸ್ಸಿಗೆ ಕಾಯುತ್ತಿದ್ದೆ. ಮುಂದೆ ನಿಂತಿದ್ದವರು ಎಣ್ಣೆ ಕಾರ್ಖಾನೆಯ ವೈರ್‌ಮನ್ ಮೌಲಾಸಾಬ. ಅಲ್ಲಿಯ ಮೇಸ್ತ್ರಿ ರೇವಣಪ್ಪ ಏದುಸಿರು ಬಿಡುತ್ತ ಬಂದರು.

“ಮೌಲಾಕಾಕಾ, ಪಂಪಿನ ಫ್ಯೂಜ್ ಕಿತ್ಕೊಂಡು ಊರಿಗೆ ಹೊಂಟೀರಲ್ಲ! ಹತ್ತಕ್ಕ ಪಂಪು ಚಾಲೂ ಮಾಡೂ ಮುಹೂರ್ತ ಐತಿ, ಸಾವಕಾರ್ರು ಕಾಯಿ ಹಿಡ್ಕೊಂಡು ನಿಂತಾರ.”

“ನಿಂದರ್ಲಿ. ನಿನ್ನಿ ಖಂಡೇಪೂಜಿಗಂತ ಪೆಟ್ರೋಲಿನ ಟಾಕಿಗೆ ಬಣ್ಣಾ ಹಚ್ಚಿದವರು ಯಾರು?”

“ನಾನ ಹಚ್ಚೇನ್ರಿ. ಮದುಮಗಳ ಕಂಡಂಗ ಕಾಣತೈತಿ.”

“ಅರ್ತಿಂಗಿನ ತಾಮ್ರದ ಪಟ್ಟಿ ಬಿಚ್ಚಿ, ಅದರ ಬುಡಕ್ಕೂ ಬಣ್ಣಾ ಬಳದು, ಮತ್ತ ಮ್ಯಾಲ ಬಿಗದೀ.”

“ಗಟ್ಟಿಯಾಗೇ ಬಿಗದೇನ್ರಿ!”

“ಬಣ್ಣದಾಗ ಕರೆಂಟು ಹಾಯೂದಿಲ್ಲೋ ಯಪ್ಪಾ. ಹಿಂಡ್ಯಾಗ ಉಳದ ಎಣ್ಣಿ ತಗಿಯಾಕ ಪಂಪಿನಿಂದ ಪೆಟ್ರೋಲ್ ಬಿಡತೀವಲ್ಲ, ಅದು ಹರಿಯೂವಾಗ ಟಾಕ್ಯಾಗ ಕರೆಂಟು ಹುಟ್ಟತೈತಿ. ತಾಮ್ರ ತಾಗಿದ್ರ ನೆಲಕ್ಕ ಇಳೀತೈತಿ, ಇಲ್ಲಂದ್ರ ಕಿಡಿ ಹಾರತೈತಿ. ಕೋಣಿ ತುಂಬ ಪೆಟ್ರೋಲಿನ ಆವಿ, ಒಳಗ ಹನ್ನೆರಡು ಮಂದಿ. ಮೊದಲ ಪಟ್ಟಿ ಬುಡದ ಬಣ್ಣಾ ಕೆರೀಬೇಕು.”

“ಪೂಜಿ ಆದ ಬಣ್ಣಾ ಕೆರದ್ರ ಅಪಶಕುನ ಅಂತಾರ ಸಾವಕಾರ್ರು. ನಿಮ್ಮನ್ನ ಕೆಲಸದಿಂದ ತಗೀತಾರ.”

“ತಗೀಲಿ. ಹಿಡಿ ಫ್ಯೂಜ್. ನೀನ ಹಾಕು, ಸಾವಕಾರ್ರನ್ನ ಟಾಕಿ ಬಾಜೂಕ ನಿಲ್ಸು.”

ಮೌಲಾಸಾಬರು ಕಿಸೆಯಿಂದ ಫ್ಯೂಜ್ ತೆಗೆದು ಚಾಚಿದರು. ರೇವಣಪ್ಪ ಕೈ ಮುಂದೆ ಮಾಡಲಿಲ್ಲ.

“ಕೆರಿಯಾಕ ಎಷ್ಟ ಹೊತ್ತು ಹಿಡೀತೈತ್ರಿ?”

“ಇಬ್ಬರು ಕುಂತ್ರ ಒಂದು ತಾಸು.”

“ಹಂಗಾರ ನಡೀರಿ, ನಾನೂ ಕುಂದರ್ತೀನಿ.”

“ಸಾವಕಾರ್ರಿಗೆ ಏನಂತೀ?”

“ಹನ್ನೊಂದಕ್ಕ ಇದಕ್ಕಿಂತ ಛಲೋ ಮುಹೂರ್ತ ಐತಿ ಅಂತೀನಿ.”

ತಿಕೋಟಾ ಬಸ್ಸು ಬಂದು ನಿಂತಿತು. ಅವರಿಬ್ಬರೂ ಆಗಲೇ ಕಾರ್ಖಾನೆಯ ದಾರಿ ಹಿಡಿದಿದ್ದರು.